ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ: ಕಕ್ಕಡದ ಎರಡು ರಜಾ ದಿನಕ್ಕೆ ತಕ್ಕ ಬೋರ್ಡ್

ಕೊಡಗಿನ ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ತೋಟದಲ್ಲಿ ದೊಡ್ಡ ಕೆಲಸ ಏನೂ ನಡೆಯಲ್ಲ, ಮಳೆ ಬಿಟ್ರೆ ತಾನೆ, ಹಾಗಾಗಿ ಶನಿವಾರ ಭಾನುವಾರ ಎರಡೂ ದಿನ ನಂಗೆ ಪೂರ್ತಿ ಸಿಗುತ್ತೆ. ಮುಂಚೆ ಎಲ್ಲಾ ಈ ಎರಡು ದಿನಕ್ಕೆ ಹತ್ತು ಪ್ಲಾನ್ ಹಾಕ್ತಿದ್ದೆ, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಬೇಕು, ಫೋಟೋ ಎಲ್ಲಾ ಬ್ಯಾಕಪ್ ಮಾಡ್ಬೇಕು, ತೋಟದ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೀಬೇಕು ಅಂತ, ಭಾನುವಾರ ಸಂಜೆ ನೋಡಿದ್ರೆ ಒಂದೂ ಅರ್ಧ ದಾಟಿರ್ತಿರ್ಲಿಲ್ಲ. ಈ ಸಲ ಒಂದೇ ಕೆಲಸ ಇಟ್ಕೊಂಡೆ, ಮಳೆ ಅಳೆಯೋದು. ಅದಕ್ಕೆ ಅಂತ ತಗೊಂಡಿದ್ದು ಈ ರಾಸ್ಪ್‌ಬೆರಿ ಪೈ, ಒಂದೇ ಪುಟ್ಟ ಬೋರ್ಡಲ್ಲಿರೋ ಕಂಪ್ಯೂಟರ್, ನಂಗೆ ತುಂಬಾ ಇಷ್ಟ ಆಗಿದೆ.

ಮಳೆನೇ ಯಾಕೆ ಅಂದ್ರೆ ಸುಂಟಿಕೊಪ್ಪ ಕಡೆ ಇಬ್ರು ಸಿಕ್ಕಿದ್ರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಬಿತ್ತು?" ಅಂತ. ನಾವು ಲೆಕ್ಕ ಹಾಕೋದು ಇಂಚು, ಸೆಂಟಲ್ಲಿ, 100 ಸೆಂಟಿಗೆ ಒಂದು ಇಂಚು. ಫೆಬ್ರವರಿ ಮಾರ್ಚಲ್ಲಿ ಹೂಮಳೆ ಸರಿಯಾಗಿ ಬಿತ್ತಾ, ಆಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಟೈಮಿಗೆ ಬಂತಾ ಅನ್ನೋದ್ರ ಮೇಲೇ ಕಾಫಿ ಫಸಲು ನಿಂತಿರೋದು. ಅಜ್ಜ ಬರೆದಿಟ್ಟ ಮಳೆ ಪುಸ್ತಕ ನಮ್ಮನೇಲಿ ಇನ್ನೂ ಇದೆ, ತೇವಕ್ಕೆ ಶಾಯಿ ಹರಡಿ ಕೆಲವು ಪುಟದಲ್ಲಿ 3 ಯಾವುದು 8 ಯಾವುದು ಗೊತ್ತಾಗಲ್ಲ. ಆ ಪುಟ ನೋಡಿದಾಗೆಲ್ಲ ಇದನ್ನ ಕಂಪ್ಯೂಟರಿಗೆ ಹಾಕ್ಬೇಕು ಅನ್ಸೋದು.

ಬೋರ್ಡ್ 2021ರ ಅಕ್ಟೋಬರಲ್ಲಿ ಬಂದಿದ್ದು, ಆಗ ಬೆಲೆ 15 ಡಾಲರ್ ಇತ್ತು. 65 ಮಿಲಿಮೀಟರ್ ಉದ್ದ, 30 ಅಗಲ, ಅಂಗೈಯಲ್ಲಿ ಮುಚ್ಚಿಟ್ಕೋಬಹುದು. ಒಳಗೆ 1 ಗಿಗಾಹರ್ಟ್ಜ್‌ನ ನಾಲ್ಕು ಕೋರ್, ಆದ್ರೆ ರ‍್ಯಾಮ್ 512 ಎಂಬಿ ಮಾತ್ರ. ಇದಕ್ಕೆ ಮಾನಿಟರ್ ಹಾಕಿ ಬ್ರೌಸರ್ ತೆಗೀತೀನಿ ಅಂತ ತಗೋಬೇಡಿ, ಡೆಸ್ಕ್‌ಟಾಪ್ ಇಲ್ಲದ ಲೈಟ್ ಓಎಸ್ ಹಾಕಿ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್ ಮಾಡ್ಕೊಂಡು, ಅಂದ್ರೆ ನೆಟ್‌ವರ್ಕ್ ಮೂಲಕ ಇದರೊಳಗೆ ಹೋಗಿ ಕಮಾಂಡ್ ಕೊಟ್ಕೊಂಡು ಕೆಲಸ ಮಾಡಿ, ಆಗ ಚೆನ್ನಾಗಿ ಓಡುತ್ತೆ. ವೈರ್ ಸಿಕ್ಕಿಸೋ ಪಿನ್ ಮೊದಲೇ ಬೆಸುಗೆ ಹಾಕಿರೋದೂ ಸಿಗುತ್ತೆ, ಸ್ವಲ್ಪ ಹೆಚ್ಚು ಕೊಟ್ರೂ ಅದನ್ನೇ ತಗೊಳ್ಳಿ, 40 ಪಿನ್ನಿಗೆ ಬೆಸುಗೆ ಹಾಕ್ತಾ ಕೂತ್ರೆ ಶನಿವಾರ ಬೆಳಿಗ್ಗೆ ಅಲ್ಲೇ ಹೋಗುತ್ತೆ.

ನಮ್ಮೂರಲ್ಲಿ ಇದನ್ನ ಇಡೋರು ಒಂದು ವಿಷಯ ತಿಳ್ಕೊಂಡಿರ್ಬೇಕು. ಇದರಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ, ಟೈಮನ್ನ ಇಂಟರ್ನೆಟ್ಟಿಂದ ತಗೊಳ್ಳುತ್ತೆ. ಮರ ಬಿದ್ದು ಕರೆಂಟ್ ಹೋಯ್ತು, ಜೊತೆಗೆ ನೆಟ್ಟೂ ಹೋಯ್ತು ಅನ್ಕೊಳ್ಳಿ, ಕರೆಂಟ್ ಬಂದ್ಮೇಲೆ ಬೋರ್ಡ್ ಆನ್ ಆಗುತ್ತೆ ಆದ್ರೆ ಟೈಮ್ ಹಳೇದೇ ಇರುತ್ತೆ, ರಾತ್ರಿ ಎರಡಕ್ಕೆ ಸುರಿದ ಮಳೆ ಸಂಜೆ ಏಳರ ಲೆಕ್ಕಕ್ಕೆ ಸೇರುತ್ತೆ. ಅದಕ್ಕೇ ಡಿಎಸ್3231 ಅನ್ನೋ ಗಡಿಯಾರದ ಮಾಡ್ಯೂಲ್ ಜೊತೆಗೇ ತರಿಸಿದ್ದೆ. ನಾಲ್ಕು ವೈರು, ಒಂದು ಬಟನ್ ಸೆಲ್, ಕಾನ್ಫಿಗ್ ಫೈಲಲ್ಲಿ ಒಂದು ಸಾಲು, ಅಷ್ಟೇ. ಕರೆಂಟಿಗೆ ಪವರ್ ಬ್ಯಾಂಕ್ ಇಟ್ಟೆ, ಬೋರ್ಡ್ ತಿನ್ನೋದೇ ಕಮ್ಮಿ, ಶನಿವಾರ ರಾತ್ರಿ ಪೂರ್ತಿ ಅದರಲ್ಲೇ ಓಡ್ತು.

ತೊಂದರೆ ಆಗಿದ್ದು ಓಎಸ್ ಹಾಕೋ ಮೆಮೊರಿ ಕಾರ್ಡಿಂದ. ಒಂದು ಆನ್‌ಲೈನ್ ಅಂಗಡೀಲಿ ತಗೊಂಡಿದ್ದೆ, ಮೇಲೆ 32 ಜಿಬಿ ಅಂತ ಬರೆದಿತ್ತು, ಓಎಸ್ ಬರೀವಾಗ ಪ್ರತಿ ಸಲ ಕೊನೇಲಿ ತಪ್ಪು ತೋರಿಸ್ತಿತ್ತು. ಎಫ್3 ಅನ್ನೋ ಪ್ರೋಗ್ರಾಮಲ್ಲಿ ಚೆಕ್ ಮಾಡಿದ್ರೆ ಬರೆದಷ್ಟು ಜಾಗನೇ ಇರಲಿಲ್ಲ, ನಕಲಿ. ಮೂರು ಗಂಟೆ ಹೋಯ್ತು, ತುಂಬಾ ಬೇಜಾರಾಯ್ತು. ಫೋನಲ್ಲಿದ್ದ ಕಾರ್ಡ್ ತೆಗೆದು ಹಾಕಿದ್ಮೇಲೆ ಕೆಲಸ ಮುಂದೆ ಹೋಯ್ತು. ಹಾಗಾಗಿ ಕಾರ್ಡ್ ಚೆಕ್ ಮಾಡೋದು, ಓಎಸ್ ಡೌನ್‌ಲೋಡ್, ಲೈಬ್ರರಿ ಇಳಿಸೋದು ಇದೆಲ್ಲಾ ಶುಕ್ರವಾರ ರಾತ್ರಿನೇ ಮುಗಿಸಿ, ಶನಿವಾರ ನೆಟ್ ಇರುತ್ತೋ ಇಲ್ವೋ ಯಾರಿಗ್ಗೊತ್ತು.

ಮಳೆಮಾಪಕ ಎರಡು ಪುಟ್ಟ ಬಟ್ಟಲಿನದು, ಒಂದು ತುಂಬಿದ್ರೆ ವಾಲಿ ನೀರು ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ, ಪ್ರತಿ ಸಲ ಅಯಸ್ಕಾಂತ ಒಂದು ಸ್ವಿಚ್ ದಾಟುತ್ತೆ. ಒಂದು ವಾಲಿಗೆ 0.2794 ಮಿಲಿಮೀಟರ್. ಪೈಥಾನಲ್ಲಿ ಇಪ್ಪತ್ತು ಸಾಲು ಬರೆದೆ, ಪ್ರತಿ ವಾಲನ್ನ ಟೈಮ್ ಸಮೇತ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಹಾಕುತ್ತೆ. ಒಂದೇ ವಾಲು ಎರಡು ಮೂರಾಗಿ ಎಣಿಕೆ ಆಗ್ತಿತ್ತು, ಬೌನ್ಸ್ ಟೈಮ್, ಅಂದ್ರೆ ಒಂದು ಸಲ ಎಣಿಸಿದ್ಮೇಲೆ ಸ್ವಲ್ಪ ಹೊತ್ತು ಮತ್ತೆ ಎಣಿಸ್ಬೇಡ ಅಂತ ಕೊಟ್ಮೇಲೆ ಸರಿಹೋಯ್ತು. ಮೊದಲು ಚಮಚದಲ್ಲಿ ನೀರು ಹಾಕಿ ನೋಡಿದೆ, ಟಕ್ ಅಂತ ಸದ್ದು, ಆ ಕ್ಷಣಕ್ಕೇ ಸ್ಕ್ರೀನಲ್ಲಿ ಒಂದು ಸಾಲು, ಅಮ್ಮನ್ನ ಅಡುಗೆಮನೆಯಿಂದ ಕರೆದು ತೋರಿಸಿದೆ.

ಭಾನುವಾರ ಬೆಳಿಗ್ಗೆ ನೋಡಿದ್ರೆ 202 ವಾಲು, ಅಂದ್ರೆ 2 ಇಂಚು 22 ಸೆಂಟು. ಅಪ್ಪ ಕೊಡೆ ಹಿಡ್ಕೊಂಡು ಹೋಗಿ ಹಳೇ ಮಾಪಕದ ನೀರನ್ನ ಗಾಜಿನ ಅಳತೆಗೆ ಸುರಿದು ನೋಡಿದ್ರೆ 2 ಇಂಚು 40. ಜೋರು ಮಳೇಲಿ ಬಟ್ಟಲು ವಾಲೋ ಹೊತ್ತಲ್ಲಿ ಬಿದ್ದ ನೀರು ಲೆಕ್ಕಕ್ಕೆ ಬರಲ್ಲ, ಈ ಥರದ ಮಾಪಕ ಎಲ್ಲಾ ಹಾಗೇ, ಬೋರ್ಡಿನ ತಪ್ಪಲ್ಲ. ಆದ್ರೆ ಗಾಜಿನ ಅಳತೆ ಹೇಳದೇ ಇರೋದನ್ನ ಇದು ಹೇಳ್ತು: ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿ ಮೂರರಿಂದ ನಾಲ್ಕರ ಒಳಗೇ ಬಿದ್ದಿತ್ತು. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದನ್ನ ನೋಡಿದ ನಮಗೆ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಪಕ್ಕ ಮನೆ ಇದ್ರೆ ಒಂದು ಗಂಟೇಲಿ ಎಷ್ಟು ಬಿತ್ತು ಅನ್ನೋದು ಚಿಕ್ಕ ವಿಷಯ ಅಲ್ಲ.

ಪುಸ್ತಕ ಟೈಪ್ ಮಾಡೋದು ಮುಂದಿನ ವಾರಕ್ಕೆ ಇಟ್ಟಿದೀನಿ, ಶಾಯಿ ಹರಡಿದ ಪುಟಕ್ಕೆ ಅಪ್ಪ ಪಕ್ಕದಲ್ಲಿ ಕೂತು ಓದಿ ಹೇಳ್ತೀನಿ ಅಂದಿದಾರೆ. ಈಗ ದಿನಾ ಬೆಳಿಗ್ಗೆ ಅವರ ಅಳತೆ ಬರೆದಾದ್ಮೇಲೆ ಕೇಳ್ತಾರೆ, "ನಿಂದು ಎಷ್ಟು ತೋರಿಸ್ತಿದೆ?"