ಮಲೆನಾಡಿನ ಮನೆಗೆ ಟ್ಯೂಬ್ ಪ್ರೀಆಂಪ್: ನಾಲ್ಕು ಬಗೆ, ಒಂದೇ ಸಿಸ್ಟಮ್

ಟ್ಯೂಬ್ ಪ್ರೀಆಂಪ್ (ಹಾಡಿನ ಮೂಲಕ್ಕೂ ಪವರ್ ಆಂಪ್‌ಗೂ ನಡುವೆ ಕೂತು ಸದ್ದಿನ ಮಟ್ಟ ನೋಡಿಕೊಳ್ಳುವ, ಗಾಜಿನ ವಾಲ್ವ್‌ಗಳ ಪೆಟ್ಟಿಗೆ) ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಟ್ಯೂಬ್ ಚೆನ್ನಾಗಿ ಹಾಡುತ್ತದೆ ಅಂತ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ತೋಟದ ಮನೆಗಳಿಗೆ ಅದು ಮೂರನೇ ಪ್ರಶ್ನೆ. ಮೊದಲನೆಯದು ಕರೆಂಟು, ಎರಡನೆಯದು ಸ್ಪೀಕರ್ ಓಡಿಸುವ ಪವರ್ ಆಂಪ್‌ಗೆ ಹೊಂದಿಕೆ. ಇವೆರಡು ಸರಿಯಿಲ್ಲದಿದ್ದರೆ ಎಷ್ಟು ಲಕ್ಷ ಸುರಿದರೂ ಕೇಳಿಸುವುದು ಹಮ್ಮು ಮತ್ತು ಚಟಪಟ ಸದ್ದು.

ಇಲ್ಲಿ ಹೋಲಿಸಿರುವುದು ನಾಲ್ಕು ಟ್ಯೂಬ್ ಕುಟುಂಬಗಳನ್ನು: 12ಎಎಕ್ಸ್7, 12ಎಯು7, 6ಎಸ್‌ಎನ್7 ಮತ್ತು 6922. ಎಲ್ಲಕ್ಕೂ 2 ವೋಲ್ಟ್ ಕೊಡುವ ಅದೇ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಂಕೇತ ಮಾಡುವ ಪೆಟ್ಟಿಗೆ), ಅದೇ ಸ್ಪೀಕರ್, ಅದೇ ಹೆಂಚಿನ ಮನೆಯ ಜಗಲಿಕೋಣೆ. ಪವರ್ ಆಂಪ್ ಮಾತ್ರ ಎರಡು: ಒಂದರ ಇನ್‌ಪುಟ್ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) 47 ಕಿಲೋಓಮ್, ಇನ್ನೊಂದು ಕ್ಲಾಸ್ ಡಿ (ಸ್ವಿಚಿಂಗ್ ಬಗೆಯದು), 10 ಕಿಲೋಓಮ್. ಸದ್ದಿನ ಮಟ್ಟ ಸಮ ಮಾಡದೆ ಹೋಲಿಸಿದರೆ ಆ ಹೋಲಿಕೆಗೆ ಬೆಲೆಯಿಲ್ಲ, ಏಕೆಂದರೆ ಅರ್ಧ ಡೆಸಿಬಲ್ ಜೋರಾಗಿರುವುದು ಯಾವಾಗಲೂ ಚೆಂದ ಕೇಳುತ್ತದೆ. 400 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ಪ್ರತಿಯೊಂದನ್ನೂ 2.00 ವೋಲ್ಟ್‌ಗೆ ತಂದುಕೊಳ್ಳಿ. 2.02 ಬಂದರೆ ಪರವಾಗಿಲ್ಲ, ವ್ಯತ್ಯಾಸ 0.1 ಡೆಸಿಬಲ್ ಅಷ್ಟೇ. 1 ಕಿಲೋಹರ್ಟ್ಸ್ ಬೇಡ, ಅಗ್ಗದ ಮೀಟರುಗಳು ಅಲ್ಲಿಗೆ ಹೋಗುವಷ್ಟರಲ್ಲಿ ತಪ್ಪು ತೋರಿಸತೊಡಗುತ್ತವೆ.

12ಎಎಕ್ಸ್7ನಿಂದ ಶುರು ಮಾಡೋಣ. ಮಾರಂಟ್ಜ್ 7, ಮೊದಲ ಮ್ಯಾಕಿಂಟಾಷ್ ಸಿ22 ಎಂಬ ಹಳೆಯ ಪ್ರೀಆಂಪುಗಳು, ಎರಡರಲ್ಲೂ ಆರಾರು 12ಎಎಕ್ಸ್7 ಇದ್ದವು. ಇಸಿಸಿ83 ಅಂದರೂ ಇದೇ. ಇದರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಸಂಕೇತ ಹಿಗ್ಗಿಸುವ ಶಕ್ತಿ) 100, ಆದರೆ ಪ್ಲೇಟ್ ರೆಸಿಸ್ಟೆನ್ಸ್ (ಟ್ಯೂಬಿನ ಒಳಗಿನ ತಡೆ) 62 ಕಿಲೋಓಮ್ ಆಸುಪಾಸು. 100 ಕಿಲೋಓಮ್ ಪ್ಲೇಟ್ ಲೋಡ್ ಹಾಕಿ ನೇರವಾಗಿ ಹೊರಗೆ ತಂದರೆ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 38 ಕಿಲೋಓಮ್ ಆಗುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲನ್ನು 5 ಮೀಟರ್ ಎಳೆದರೆ 8.3 ಕಿಲೋಹರ್ಟ್ಸ್‌ಗೇ ಮೂರು ಡೆಸಿಬಲ್ ಬಿದ್ದುಹೋಗುತ್ತದೆ. ತಂಬೂರಿಯ ಝೇಂಕಾರದ ಮೇಲಿನ ಹೊಳಪು ಕಾಣೆಯಾಗುವುದು ಹೀಗೆ. ಅದನ್ನೇ ಕೆಲವರು 'ಟ್ಯೂಬಿನ ಮಾಧುರ್ಯ' ಅಂತ ಹೊಗಳುತ್ತಾರೆ, ಅದು ಕೇಬಲ್ಲಿನ ಕೆಪಾಸಿಟೆನ್ಸ್ ಮಾಡಿದ ಕೆಲಸ. ಹಾಗಾಗಿ 12ಎಎಕ್ಸ್7 ಪ್ರೀಆಂಪ್ ಆದರೆ ಕೊನೆಯ ಹಂತದಲ್ಲಿ ಕ್ಯಾಥೋಡ್ ಫಾಲೋವರ್ (ಔಟ್‌ಪುಟ್ ಇಂಪೀಡೆನ್ಸ್ ತಗ್ಗಿಸುವ ಟ್ಯೂಬ್ ಹಂತ) ಇರಲೇಬೇಕು. ಇದ್ದರೆ ಇಂಪೀಡೆನ್ಸ್ ಕೆಲವು ನೂರು ಓಮ್‌ಗೆ ಇಳಿಯುತ್ತದೆ.

ಫಾಲೋವರ್ ಇದ್ದ ಘಟಕದಲ್ಲಿ ಗಂಗೂಬಾಯಿ ಹಾನಗಲ್ ಅವರ ದನಿ ಎದುರಿಗೇ ಕೂತಂತೆ ಬಂತು. ಕೆಳಗಿನ ಷಡ್ಜದ ಗಟ್ಟಿತನ ನಾಲ್ಕರಲ್ಲಿ ಇದರಲ್ಲೇ ಹೆಚ್ಚು. ಚಂಡೆಯ ಪೆಟ್ಟಿನ ಅಂಚು ಮಾತ್ರ ಸ್ವಲ್ಪ ಸವೆದಿತ್ತು. ಎಲ್‌ಪಿ ಕೇಳುವವರಿಗೆ, ಒಳಗೇ ಫೋನೋ ಹಂತ (ಎಲ್‌ಪಿ ಪ್ಲೇಯರಿನ ಸಣ್ಣ ಸಂಕೇತ ಹಿಗ್ಗಿಸುವ ಭಾಗ) ಬೇಕೆನ್ನುವವರಿಗೆ 12ಎಎಕ್ಸ್7 ಸಹಜ ಆಯ್ಕೆ. ಬರೀ ಡ್ಯಾಕ್‌ನಿಂದ ಕೇಳುವವರಿಗೆ ಇದರ ಗೇನ್ (ಸಂಕೇತ ಹಿಗ್ಗಿಸುವ ಪ್ರಮಾಣ) ಅತಿಯಾಯಿತು.

12ಎಯು7 ಕುಟುಂಬದಲ್ಲಿ ಈಗ ಹೆಚ್ಚು ಮಾತಿಗೆ ಬರುವುದು ಪ್ರೈಮಾಲೂನಾ ಇವೋ 400, ಅದರಲ್ಲಿ ಆರು 12ಎಯು7, ಎಸಿಯನ್ನು ಡಿಸಿ ಮಾಡುವ ಎರಡು 5ಎಆರ್4 ರೆಕ್ಟಿಫೈಯರ್ ಟ್ಯೂಬ್. ಪ್ಲೇಟ್ ರೆಸಿಸ್ಟೆನ್ಸ್ 7.7 ಕಿಲೋಓಮ್ ಇರುವುದರಿಂದ ಸರಳ ಸರ್ಕ್ಯೂಟಿನಲ್ಲೂ 5 ಮೀಟರ್ ಕೇಬಲ್ ತೊಂದರೆ ಕೊಡುವುದಿಲ್ಲ, ಮೂರು ಡೆಸಿಬಲ್ ಬೀಳುವುದು 48 ಕಿಲೋಹರ್ಟ್ಸ್ ಹತ್ತಿರ. ಈ ಕುಟುಂಬದ ದನಿ ಮೆತ್ತಗಿನದು, ದೀರ್ಘಕಾಲ ಕೇಳಿದರೂ ದಣಿಸುವುದಿಲ್ಲ. ಆದರೆ ವೀಣೆಯ ಮೀಟಿನ ಹಿಂದೆ ಇರುವ ಮೌನ 6ಎಸ್‌ಎನ್7ನಷ್ಟು ಸ್ವಚ್ಛವಲ್ಲ.

6ಎಸ್‌ಎನ್7 ಎಂಟು ಪಿನ್ನಿನ ದೊಡ್ಡ ಟ್ಯೂಬ್. ಆಂಪ್ಲಿಫಿಕೇಶನ್ 20, ಪ್ಲೇಟ್ ರೆಸಿಸ್ಟೆನ್ಸ್ 12ಎಯು7ನಷ್ಟೇ, ಡಿಸ್ಟಾರ್ಶನ್ ಅದಕ್ಕಿಂತ ಕಡಿಮೆ. ಷಿಟ್ ಆಡಿಯೋ ಕಂಪನಿಯ ಪ್ರೀಆಂಪ್ ಫ್ರೇಯಾ ಪ್ಲಸ್‌ನಲ್ಲಿ ಇಂಥವು ನಾಲ್ಕಿವೆ. ಜೊತೆಗೆ ಪ್ಯಾಸಿವ್ (ಟ್ಯೂಬ್ ದಾಟದೆ ಬರೀ ವಾಲ್ಯೂಮ್) ಮತ್ತು ಜೆಫೆಟ್ ಬಫರ್ (ಟ್ರಾನ್ಸಿಸ್ಟರ್ ಹಂತ) ಎಂಬ ಇನ್ನೆರಡು ಮೋಡ್, 128 ಹಂತದ ರಿಲೇ ವಾಲ್ಯೂಮ್. ಪ್ಯಾಸಿವ್ ಮೋಡ್ ಇರುವುದು ದೊಡ್ಡ ಅನುಕೂಲ: ಟ್ಯೂಬ್ ಏನು ಸೇರಿಸುತ್ತಿದೆ ಅನ್ನುವುದು ಬಟನ್ ಒತ್ತಿದ ಕೂಡಲೇ ಗೊತ್ತಾಗುತ್ತದೆ. ಯಕ್ಷಗಾನದ ರೆಕಾರ್ಡಿಂಗಿನಲ್ಲಿ ಭಾಗವತರ ದನಿ, ಅದರ ಹಿಂದೆ ಮದ್ದಳೆ, ಬದಿಗೆ ಚಂಡೆ, ಈ ಮೂರರ ನಡುವಿನ ಅಂತರ ಅತಿ ಚೆನ್ನಾಗಿ ತೆರೆದುಕೊಂಡದ್ದು ಈ ಕುಟುಂಬದಲ್ಲಿ.

6922, ಅಂದರೆ ಇ88ಸಿಸಿ, 6ಡಿಜೆ8ನ ಗಟ್ಟಿ ರೂಪ. ಪ್ಲೇಟ್ ರೆಸಿಸ್ಟೆನ್ಸ್ 2.6 ಕಿಲೋಓಮ್ ಆಸುಪಾಸು, ಹಾಗಾಗಿ ಉದ್ದ ಕೇಬಲ್, 10 ಕಿಲೋಓಮ್ ಕ್ಲಾಸ್ ಡಿ, ಎರಡನ್ನೂ ನಿರಾಯಾಸವಾಗಿ ಓಡಿಸಿತು. ಆಡಿಯೋ ರಿಸರ್ಚ್ ಕಂಪನಿ ವರ್ಷಗಟ್ಟಲೆ ಇದನ್ನು ಬಳಸಿ ಆಮೇಲೆ 6ಎಚ್30ಗೆ ಹೋಯಿತು. ಚಂಡೆ ಇದರಲ್ಲಿ ನಿಜವಾದ ಚಂಡೆ. ಹಳೆಯ ಮೋನೋ ರೆಕಾರ್ಡಿಂಗ್ ಹಾಕಿದರೆ ಮಾತ್ರ ದನಿ ತೆಳ್ಳಗಾಗುತ್ತದೆ. ಇನ್ನೊಂದು ತೊಂದರೆ ಮೈಕ್ರೋಫೋನಿಕ್ಸ್: ಉಪ್ಪರಿಗೆಯ ಹಲಗೆ ನೆಲದ ಮೇಲೆ ಇಟ್ಟರೆ ಹೆಜ್ಜೆ ಹಾಕಿದಾಗಲೆಲ್ಲ ಸ್ಪೀಕರಿನಲ್ಲಿ ಟಣ್ ಎನ್ನುತ್ತದೆ. ಪೆನ್ಸಿಲಿನ ರಬ್ಬರ್ ತುದಿಯಿಂದ ಟ್ಯೂಬನ್ನು ಮೆಲ್ಲಗೆ ತಟ್ಟಿ ನೋಡಿ, ಗಂಟೆ ಬಾರಿಸಿದಂತೆ ಉಳಿದುಕೊಂಡರೆ ಆ ಟ್ಯೂಬ್ ಬೇಡ. ರ‍್ಯಾಕನ್ನು ನೆಲದ ಮೇಲಿಡುವ ಬದಲು ಗೋಡೆಗೆ ಬಿಗಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ಟ್ಯೂಬ್ ಅದಲುಬದಲು ಮಾಡುವ ಆಸೆ ಇರುವವರಿಗೆ ಒಂದು ಎಚ್ಚರಿಕೆ. 12ಎಯು7 ಮತ್ತು 6922 ಎರಡಕ್ಕೂ ಒಂಬತ್ತು ಪಿನ್, ಸಾಕೆಟ್ಟಿನಲ್ಲಿ ಕೂರುತ್ತವೆ, ಆದರೆ ಹೀಟರ್ (ಟ್ಯೂಬನ್ನು ಒಳಗಿನಿಂದ ಬಿಸಿ ಮಾಡುವ ತಂತಿ) ಜೋಡಣೆ ಬೇರೆ. 4 ಮತ್ತು 5ನೇ ಪಿನ್ನಿಗೆ 12.6 ವೋಲ್ಟ್ ಕೊಟ್ಟಿರುವ ಸಾಕೆಟ್ಟಿಗೆ 6922 ಹಾಕಿದರೆ 6.3 ವೋಲ್ಟಿನ ಹೀಟರ್ ಸುಟ್ಟೇಹೋಗುತ್ತದೆ. ಹಾಗೆಯೇ 6922 ಜಾಗಕ್ಕೆ ಅಗ್ಗದ ರಷ್ಯನ್ 6ಎನ್1ಪಿ ಹಾಕುವವರಿದ್ದಾರೆ. ಅದರ ಹೀಟರ್ 0.6 ಆಂಪಿಯರ್ ಎಳೆಯುತ್ತದೆ, 6922ನದು 0.3. ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ಕೊನೆಗೆ ಹೋಗುವುದು ಅದೇ.

ಗೇನ್ ವಿಚಾರ. ಡ್ಯಾಕ್ 2 ವೋಲ್ಟ್ ಕೊಡುತ್ತದೆ, ಬಹಳಷ್ಟು ಪವರ್ ಆಂಪ್‌ಗಳು 1ರಿಂದ 1.5 ವೋಲ್ಟಿಗೇ ಪೂರ್ತಿ ಶಕ್ತಿ ಕೊಡುತ್ತವೆ. ನಿಜಕ್ಕೂ ಗೇನ್ ಬೇಕಾಗಿಯೇ ಇಲ್ಲ. 20 ಡೆಸಿಬಲ್‌ಗಿಂತ ಹೆಚ್ಚು ಗೇನ್ ಇರುವ ಪ್ರೀಆಂಪ್ ತಂದರೆ ವಾಲ್ಯೂಮ್ ಗುಂಡಿ ಎಂಟು ಗಂಟೆಯ ಜಾಗ ಬಿಟ್ಟು ಮೇಲೇಳುವುದಿಲ್ಲ, ಅಲ್ಲಿ ಪೊಟೆನ್ಷಿಯೋಮೀಟರಿನ ಎಡ-ಬಲ ಸಮ ಇರುವುದಿಲ್ಲ, ಟ್ಯೂಬಿನ ಶ್ ಸದ್ದೂ ಹಾಗೇ ಉಳಿಯುತ್ತದೆ. ಈಗಾಗಲೇ ಕೊಂಡಿದ್ದರೆ ಪವರ್ ಆಂಪ್ ಇನ್‌ಪುಟ್ಟಿನಲ್ಲಿ 6.8 ಕಿಲೋಓಮ್ ಸರಣಿಯಲ್ಲಿ, 3.3 ಕಿಲೋಓಮ್ ಗ್ರೌಂಡಿಗೆ, ಕಾಲು ವ್ಯಾಟ್ ಮೆಟಲ್ ಫಿಲ್ಮ್ ಹಾಕಿ. 47 ಕಿಲೋಓಮ್ ಪವರ್ ಆಂಪ್‌ನೊಂದಿಗೆ ಸರಿಯಾಗಿ 10 ಡೆಸಿಬಲ್ ಇಳಿಯುತ್ತದೆ. ಆದರೆ ಪ್ರೀಆಂಪ್‌ಗೆ ಆಗ ಕಾಣುವ ಲೋಡ್ 10 ಕಿಲೋಓಮ್ ಮಾತ್ರ, ಅದರ ಔಟ್‌ಪುಟ್ ಇಂಪೀಡೆನ್ಸ್ 1 ಕಿಲೋಓಮ್ ಒಳಗಿರಬೇಕು. ಔಟ್‌ಪುಟ್ ಕೆಪಾಸಿಟರ್ ಕೂಡ ನೋಡಿ: 0.47 ಮೈಕ್ರೋಫ್ಯಾರಡ್ ಇದ್ದರೆ 10 ಕಿಲೋಓಮ್ ಎದುರು 34 ಹರ್ಟ್ಸ್‌ಗೇ ಬಾಸ್ ಮೂರು ಡೆಸಿಬಲ್ ಬಿದ್ದಿರುತ್ತದೆ. ಕ್ಲಾಸ್ ಡಿ ಜೊತೆ ಮದ್ದಳೆಯ ಗುಂಭ ಪೊಳ್ಳಾದದ್ದಕ್ಕೆ ಕಾರಣ ಟ್ಯೂಬಲ್ಲ, ಇದು.

ಇನ್ನು ಕರೆಂಟು. ಸಂಜೆ ಪಂಪ್‌ಸೆಟ್‌ಗಳು ಓಡುವ ಹೊತ್ತು, ಲೈನಿನ ಕೊನೆಯ ಮನೆಗಳಲ್ಲಿ 180 ವೋಲ್ಟ್ ನೋಡುವುದು ಹೊಸದೇನಲ್ಲ. ಎಸಿ ಹೀಟರ್ ಇರುವ ಪ್ರೀಆಂಪಿನಲ್ಲಿ 6.3 ಇರಬೇಕಾದದ್ದು ಆಗ 4.9 ವೋಲ್ಟ್. ದನಿ ಮಂಕಾಗುತ್ತದೆ, ದೀರ್ಘಕಾಲ ಹೀಗೇ ಓಡಿದರೆ ಬಿಸಿಯಾಗಿ ಎಲೆಕ್ಟ್ರಾನ್ ಸೂಸುವ ಕ್ಯಾಥೋಡೂ ಹಾಳು. ರೆಗ್ಯುಲೇಟೆಡ್ ಡಿಸಿ ಹೀಟರ್ ಇದ್ದರೆ ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ. 9 ವೋಲ್ಟ್ ವೈಂಡಿಂಗಿನಿಂದ ರೆಕ್ಟಿಫೈ ಮಾಡಿದ್ದು 180 ವೋಲ್ಟಿನಲ್ಲಿ 8.5ಕ್ಕೆ ಇಳಿಯುತ್ತದೆ, 6.3 ಕೊಡಲು ಸಾಮಾನ್ಯ ರೆಗ್ಯುಲೇಟರಿಗೆ 8.3 ಬೇಕು. ಅಂದರೆ ಅಂಚಿಗೆ ಬಂದು ನಿಂತಿದೆ. ಇನ್ನೊಂದು ಪಂಪ್ ಶುರುವಾದರೆ 100 ಹರ್ಟ್ಸ್ ಹಮ್ ಕೇಳಿಸುತ್ತದೆ.

ಅದಕ್ಕಿಂತ ಮೋಸ ಮಾಡುವುದು ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್. ಮೀಟರ್ 230 ತೋರಿಸಿದರೂ ಅಲೆಯ ತುದಿ 325 ವೋಲ್ಟ್ ಇರುವುದಿಲ್ಲ, ಅಪ್ಪಟ ಚೌಕ ಅಲೆಯಲ್ಲಿ 230 ಮಾತ್ರ. ಪ್ರೀಆಂಪಿನ ಹೈ ಟೆನ್ಷನ್ (ಟ್ಯೂಬಿಗೆ ಬೇಕಾದ ಹೆಚ್ಚಿನ ಡಿಸಿ ವೋಲ್ಟೇಜ್) ತಯಾರಾಗುವುದು ಅಲೆಯ ತುದಿಯಿಂದ, ಆದ್ದರಿಂದ 300 ವೋಲ್ಟ್ ಇರಬೇಕಾದದ್ದು 212ಕ್ಕೆ ಬೀಳುತ್ತದೆ. ಎಸಿ ಹೀಟರ್ ಮಾತ್ರ ಎಂದಿನಂತೆ ಉರಿಯುತ್ತಿರುತ್ತದೆ, ಹಾಗಾಗಿ ನೋಡಿದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಚೌಕ ಅಲೆಯ ಅಂಚುಗಳಿಂದ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತದೆ. ರಿಲೇ ಸ್ಟೆಬಿಲೈಸರ್ ಟ್ಯಾಪ್ ಬದಲಿಸಿದಾಗಲೆಲ್ಲ ಸ್ಪೀಕರಿನಲ್ಲಿ ಟಿಕ್. ನಮ್ಮ ಆಯ್ಕೆ 1 ಕೆವಿಎ ಆನ್‌ಲೈನ್ ಯುಪಿಎಸ್, ಪ್ಯೂರ್ ಸೈನ್ ಕೊಡುವಂಥದ್ದು, ಪ್ರೀಆಂಪ್ ಮತ್ತು ಡ್ಯಾಕ್‌ಗೆ ಮಾತ್ರ. ಫ್ಯಾನಿನ ಸದ್ದಿಗಾಗಿ ಅದನ್ನು ಪಕ್ಕದ ಕೋಣೆಯಲ್ಲಿಡಬೇಕು.

ಯುಪಿಎಸ್ ಇಲ್ಲದವರು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಹಳೆಯ ಸ್ಪೀಕರ್ ಜೋಡಿಸಿ, ಪ್ರೀಆಂಪ್ ಬಿಸಿಯಾದ ಮೇಲೆ ಪ್ಲಗ್ ಕಿತ್ತು ಎರಡು ಸೆಕೆಂಡಿಗೆ ಮತ್ತೆ ಹಾಕಿ. ಮಳೆಗಾಲದಲ್ಲಿ ಕರೆಂಟು ಹೀಗೇ ಕಣ್ಣು ಮುಚ್ಚಿ ತೆಗೆಯುತ್ತಿರುತ್ತದೆ. ಮ್ಯೂಟಿಂಗ್ ರಿಲೇ (ಔಟ್‌ಪುಟ್ ಮುಚ್ಚುವ ಸ್ವಿಚ್) ತಕ್ಷಣ ಬಿಟ್ಟುಕೊಂಡು ಅರ್ಧ ನಿಮಿಷದ ನಂತರ ಸೇರಿದರೆ ಒಳ್ಳೆಯ ವಿನ್ಯಾಸ. ಧಡ್ ಎಂದರೆ ಟ್ವೀಟರಿಗೆ ಆಪತ್ತು. 5ಎಆರ್4 ರೆಕ್ಟಿಫೈಯರ್ ಇದ್ದರೆ ಈ ಧಡ್ ಬರುವುದಿಲ್ಲ ಎನ್ನುವ ನಂಬಿಕೆ ಇದೆ. ತಣ್ಣಗಿದ್ದಾಗ ಅದು ನಿಧಾನವಾಗಿ ಏರುವುದು ನಿಜ, ಆದರೆ ಎರಡು ಸೆಕೆಂಡಿನಲ್ಲಿ ಅದರ ಕ್ಯಾಥೋಡೂ ತಣ್ಣಗಾಗಿರುವುದಿಲ್ಲ. ಏಪ್ರಿಲ್-ಮೇ ಸಿಡಿಲಿಗೆ ಯಾವ ಸ್ಪೈಕ್ ಬಸ್ಟರನ್ನೂ ನಂಬಬೇಡಿ. ಮೋಡ ಕಟ್ಟಿದ ಕೂಡಲೇ ಪವರ್ ಪ್ಲಗ್, ಇಂಟರ್ನೆಟ್ ಕೇಬಲ್, ಟ್ಯೂನರಿನ ಆಂಟೆನಾ ಮೂರನ್ನೂ ಕಿತ್ತಿಡಿ.

ಶೀತಕ್ಕೂ ಟ್ಯೂಬ್ ಆಯ್ಕೆಗೂ ನೇರ ಸಂಬಂಧವಿದೆ. ಒಂಬತ್ತು ಪಿನ್ನಿನ 12ಎಎಕ್ಸ್7 ಸಾಕೆಟ್ಟಿನಲ್ಲಿ 1ನೇ ಪಿನ್ ಪ್ಲೇಟ್ (ಹೆಚ್ಚು ವೋಲ್ಟ್ ಇರುವ ತುದಿ), ಅದರ ಮಗ್ಗುಲಿನ 2ನೇದು ಗ್ರಿಡ್ (ಸಂಕೇತ ಒಳಬರುವ ತುದಿ). ಜುಲೈ ಹೊತ್ತಿಗೆ ಧೂಳಿನ ಮೇಲೆ ತೇವ ಕೂತು ಇವೆರಡರ ನಡುವೆ 100 ಮೆಗಾಓಮ್ ಸೋರಿಕೆ ಆಯಿತು ಅನ್ನಿ. ಪ್ಲೇಟಿನಲ್ಲಿ 150 ವೋಲ್ಟ್, ಗ್ರಿಡ್ ಲೀಕ್ (ಗ್ರಿಡ್ಡಿನಿಂದ ಗ್ರೌಂಡಿಗಿರುವ ರೆಸಿಸ್ಟರ್) 1 ಮೆಗಾಓಮ್ ಇದ್ದರೆ ಗ್ರಿಡ್ಡಿಗೆ 1.5 ವೋಲ್ಟ್ ಬಂದು ಕೂರುತ್ತದೆ. 12ಎಎಕ್ಸ್7ನ ಬಯಾಸೇ (ಗ್ರಿಡ್ಡಿಗೂ ಕ್ಯಾಥೋಡಿಗೂ ಇರಬೇಕಾದ ವೋಲ್ಟ್ ಅಂತರ) ಅಷ್ಟು, ಆ ಹಂತ ಕೆಟ್ಟಂತೆಯೇ. 6ಎಸ್‌ಎನ್7ನಲ್ಲಿ ಪಿನ್ನುಗಳ ಅಂತರ ಹೆಚ್ಚು, ಬಯಾಸ್ ಹಲವು ವೋಲ್ಟ್. ಗ್ರಿಡ್ ಲೀಕ್ 100 ಕಿಲೋಓಮ್ ಇಟ್ಟ ವಿನ್ಯಾಸದಲ್ಲಿ ಅದೇ ಸೋರಿಕೆ 0.15 ವೋಲ್ಟ್ ಅಷ್ಟೇ. ಮಳೆಗಾಲದಲ್ಲಿ ಚಟಪಟ ಎನ್ನುವ ಪ್ರೀಆಂಪುಗಳಲ್ಲಿ 'ಟ್ಯೂಬ್ ಹೋಗಿದೆ' ಎಂದು ಟ್ಯೂಬ್ ಬದಲಿಸುವ ಮೊದಲು ಸಾಕೆಟ್ ತೊಳೆಯಿರಿ. ಪ್ಲಗ್ ಕಿತ್ತು, 100 ಕಿಲೋಓಮ್ 3 ವ್ಯಾಟ್ ರೆಸಿಸ್ಟರಿನಿಂದ ಮುಖ್ಯ ಕೆಪಾಸಿಟರ್ ಖಾಲಿ ಮಾಡಿ, ಮೀಟರಿನಲ್ಲಿ 10 ವೋಲ್ಟ್ ಒಳಗೆ ಬಂದಿದೆಯೇ ನೋಡಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ನೈಲಾನ್ ಬ್ರಷ್, ಕೊನೆಗೆ ಹೇರ್ ಡ್ರೈಯರ್. ದಿನಕ್ಕೊಂದು ಗಂಟೆ ಆನ್ ಇಟ್ಟರೆ ಒಳಗೆ ಬೂಷ್ಟು ಹಿಡಿಯುವುದಿಲ್ಲ. ಬಿಸಿ ಹುಡುಕಿ ಇರುವೆ, ಹಲ್ಲಿ ಬರುತ್ತವೆ, ಗಾಳಿಕಿಂಡಿಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿ.

ಈ ಎಲ್ಲ ಕಾರಣಕ್ಕೆ ನಮ್ಮ ಮೊದಲ ಸ್ಥಾನ ರೆಗ್ಯುಲೇಟೆಡ್ ಡಿಸಿ ಹೀಟರ್, ರಿಲೇ ವಾಲ್ಯೂಮ್ ಇರುವ 6ಎಸ್‌ಎನ್7 ಪ್ರೀಆಂಪಿಗೆ. ಕೇಬಲ್ ಉದ್ದ ಇದ್ದು ನೆಲ ಸಿಮೆಂಟಿನದಾದರೆ 6922. ಎಲ್‌ಪಿ ಸಂಗ್ರಹ ದೊಡ್ಡದಿದ್ದು ಕರೆಂಟಿನ ವ್ಯವಸ್ಥೆ ಗಟ್ಟಿ ಇದ್ದವರು ಮಾತ್ರ 12ಎಎಕ್ಸ್7ಗೆ ಹೋಗಲಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಮೀಟರ್ ಜೇಬಿನಲ್ಲಿಟ್ಟುಕೊಳ್ಳಿ. ಐದು ನಿಮಿಷ ಬಿಸಿಯಾದ ಮೇಲೆ, ಔಟ್‌ಪುಟ್ಟಿಗೆ 47 ಕಿಲೋಓಮ್ ರೆಸಿಸ್ಟರ್ ಕಟ್ಟಿ ಡಿಸಿ ಅಳೆಯಿರಿ. ಎರಡು-ಮೂರು ಮಿಲಿವೋಲ್ಟ್ ಇದ್ದರೆ ಸರಿ. ಹತ್ತಾರು ಮಿಲಿವೋಲ್ಟ್ ತೋರಿಸಿದರೆ ಡಿಸಿ ತಡೆದು ಸಂಕೇತ ಮಾತ್ರ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ಹಳೆಯ ಪೇಪರ್-ಆಯಿಲ್ ಬಗೆಯದು ತೇವದ ಊರಿನಲ್ಲಿ ಹೀಗಾಗುವುದೇ ಹೆಚ್ಚು. 400 ಅಥವಾ 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿಸುವ ಖರ್ಚು ಕಳೆದು ಬೆಲೆ ಮಾತಾಡಿ.