ಲಿಲಿಪಾಂಡ್ ಕಲಿಯೋಕೆ ಯಾವ ಕೈಪಿಡಿ ಮೊದಲು?

ಲಿಲಿಪಾಂಡ್ ಅಂದರೆ ಸಂಗೀತದ ಸ್ವರಲಿಪಿ ಸಿದ್ಧಪಡಿಸುವ ತಂತ್ರಾಂಶ. ಇದರಲ್ಲಿ ಸ್ವರಲಿಪಿಯನ್ನು ಮೌಸಿನಿಂದ ಬರೆಯುವುದಿಲ್ಲ, ಅಕ್ಷರಗಳಲ್ಲಿ ಟೈಪ್ ಮಾಡುತ್ತೇವೆ. ಹಾಗಾಗಿ ಕೈಪಿಡಿ ಇಲ್ಲದೆ ಆಗದು. 2008ರ 2.12 ಆವೃತ್ತಿಯ ಹೊತ್ತಿಗೆ ಕೈಪಿಡಿಗಳನ್ನೆಲ್ಲ ಹೊಸದಾಗಿ ಜೋಡಿಸಿದರು. ಈಗ ಮುಖ್ಯವಾದವು ಎರಡು: ಲರ್ನಿಂಗ್ ಮ್ಯಾನುಯಲ್, ನೊಟೇಶನ್ ರೆಫರೆನ್ಸ್.

ಹೊಸಬರು ಮೊದಲನೆಯದನ್ನೇ ಹಿಡಿಯಿರಿ. ಅದು ಪಾಠದ ಹಾಗೆ, ಸಾಲಾಗಿ ಓದಬೇಕು. ಉದಾಹರಣೆಗೆ ಸ್ಲರ್, ಅಂದರೆ ಸ್ವರಗಳನ್ನು ಜೋಡಿಸಿ ನುಡಿಸಬೇಕು ಅಂತ ತೋರಿಸುವ ಬಾಗಿದ ಗೆರೆ. ಅದರ ಆವರಣ ಚಿಹ್ನೆ ಸ್ವರದ ಮುಂಚೆ ಬರುತ್ತೆ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಇಲ್ಲ, ಮೊದಲ ಸ್ವರ ಬರೆದ ಮೇಲೆ ಆವರಣ ತೆರೆಯಬೇಕು. ಇಂಥದ್ದನ್ನು ಅದು ಚಿತ್ರ ತೋರಿಸಿ ಹೇಳುತ್ತದೆ. ವೆಬ್ ಪುಟದಲ್ಲಿ ಚಿತ್ರ ಒತ್ತಿದರೆ ಅದರ ಪೂರ್ತಿ ಕೋಡ್ ಸಿಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ರೆಫರೆನ್ಸ್ ನಿಘಂಟಿನ ಥರ. ಬೇಕಾದಾಗ ತೆಗೆದು ನೋಡುವುದು. ಸ್ವರ, ಲಯ, ಸಾಹಿತ್ಯ, ಗಿಟಾರ್, ಅರಬ್ ಸಂಗೀತ, ಎಲ್ಲಕ್ಕೂ ಬೇರೆ ಬೇರೆ ಭಾಗ. ಗೊತ್ತಿರುವ ತೊಂದರೆಗಳನ್ನೂ ಆಯಾ ಭಾಗದಲ್ಲೇ ಬರೆದಿದ್ದಾರೆ. ಗಂಟೆಗಟ್ಟಲೆ ಸುಮ್ನೆ ಒದ್ದಾಡುವುದು ತಪ್ಪುತ್ತದೆ. ಆದರೆ ಇದರಿಂದಲೇ ಶುರು ಮಾಡಿದರೆ ಗೊಂದಲವೇ ಜಾಸ್ತಿ.

ಬೇರೆ ತಂತ್ರಾಂಶದಲ್ಲಿ ಪ್ರೋಗ್ರಾಮಿಂಗ್ ಮಾಡಿ ಅಭ್ಯಾಸ ಇದ್ದರೂ ಪಾಠದ ಮೊದಲೆರಡು ಅಧ್ಯಾಯ ಬಿಡಬೇಡಿ. ಅಷ್ಟು ಮುಗಿಸಿ ನಿಮ್ಮದೇ ಒಂದು ಚಿಕ್ಕ ಹಾಡನ್ನು ಟೈಪ್ ಮಾಡಿ. ಎಲ್ಲಿ ಸಿಕ್ಕಿಕೊಂಡಿರೋ, ಆಗ ರೆಫರೆನ್ಸ್ ತೆರೆಯಿರಿ.