ಆಲಿಸ್ ಮತ್ತೆ ಓದೋಕೆ: ಮೊಬೈಲೋ, ಹೊಸ ಪ್ರತಿಯೋ, ಹಳೇ ಕನ್ನಡ ಪುಸ್ತಕವೋ?

ನಲವತ್ತು ದಾಟಿದ ಮೇಲೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಮತ್ತೆ ಓದಬೇಕು, ಯಾವುದು ಹಿಡಿಯಲಿ ಅಂತ ಕೇಳಿದ್ದೀರಿ.

ದುಡ್ಡಿನ ಲೆಕ್ಕಕ್ಕೆ ಮೊಬೈಲೇ ಸೈ. ಲೂಯಿಸ್ ಕ್ಯಾರಲ್ ಬರೆದ 1865ರ ಇಂಗ್ಲಿಷ್ ಪುಸ್ತಕ, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಹಳೇ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ನಿಂತು ಬರೋರು ಒಂದೇ ಕೈಯಲ್ಲಿ ಓದಬಹುದು.

ಚಿತ್ರ ಬೇಕೆಂದರೆ ಮಾತು ಬೇರೆ. ಮೊದಲ ಮುದ್ರಣಕ್ಕೇ ಕಲಾವಿದ ಟೆನಿಯಲ್ ಬರೆದ 42 ಚಿತ್ರಗಳ ಸಣ್ಣ ಗೆರೆಗಳು ಕಾಗದದ ಮೇಲೇ ಚೆಂದ. ಆದರೆ ಹೊಸ ಪ್ರತಿ ಕೊಳ್ಳುವಾಗ ಹನ್ನೆರಡೂ ಅಧ್ಯಾಯ ಇವೆಯಾ ನೋಡಿಕೊಳ್ಳಿ. ಮಕ್ಕಳಿಗೆಂದು ಚಿಕ್ಕದು ಮಾಡಿದವುಗಳಲ್ಲಿ ಪದ್ಯಗಳಿಗೆ ಕತ್ತರಿ ಬಿದ್ದಿರುತ್ತೆ. ದೊಡ್ಡವರಿಗೆ ರುಚಿಸೋದೇ ಅವು, ಜೊತೆಗೆ ಕತೆಯ ಕೊನೆಗೆ ಬರೋ ಕೋರ್ಟಿನ ವಿಚಾರಣೆ. ತೀರ್ಪು ಆಮೇಲಿರಲಿ, ಮೊದಲು ಶಿಕ್ಷೆ ಅನ್ನುತ್ತಾಳಲ್ಲ ರಾಣಿ? ಕಚೇರಿಯಿಂದ ಕಚೇರಿಗೆ ಫೈಲು ಹಿಡಿದು ಅಲೆದವರಿಗಷ್ಟೇ ಆ ನಗು ಪೂರ್ತಿ ಗೊತ್ತಾಗೋದು.

ಕನ್ನಡದಲ್ಲೇ ಬೇಕೆಂದರೆ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಇದೆ. ಮೈಸೂರಲ್ಲಿ ಪಾಠ ಹೇಳಿದ ಹಾಸ್ಯಗಾರರ ಕೈ ಅದು, ನನ್ನ ಒಲವೂ ಅತ್ತಲೇ. ಹಳೇ ಪುಸ್ತಕದಂಗಡಿ, ಗ್ರಂಥಾಲಯ ತಡಕಬೇಕು. ಹಳೇ ಪ್ರತಿ ಸಿಕ್ಕರೆ ಹೊಲಿಗೆ ಸಡಿಲ, ಪುಟದಂಚು ಮಡಚಿದರೆ ಮುರಿಯುತ್ತೆ. ಮನೇಲಿ ಕೂತು ಓದೋರಿಗೆ ಸರಿ, ಬ್ಯಾಗಿಗೆ ತುರುಕೋಕಲ್ಲ.

ಮಗುವನ್ನ ಪಕ್ಕ ಕೂರಿಸಿಕೊಂಡು ಓದೋದಾದರೆ ಹೊಸದೇ ತಗೊಳ್ಳಿ, ಹರಿದರೂ ಇನ್ನೊಂದು ಸಿಗುತ್ತೆ.